ಪತ್ತೇದಾರಿ ಆಟವನ್ನು ಕಟ್ಟುವ ವಿದ್ಯೆ

‘ಕೊಲೆಯ ಆಟ’ ಎಂಬ ಹೆಸರನ್ನು ಕೇಳಿದೊಡನೆಯೇ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಕಾಲೇಜಿನ ವಿಜ್ಞಾನ ಸಂಘದ ಆಶ್ರಯದಲ್ಲಿ ಇಂಥದೊಂದು ಆಟವನ್ನು ಏರ್ಪಡಿಸೋಣವೆಂದು ನಾನು ಮೊದಲ ಬಾರಿಗೆ ಸೂಚಿಸಿದಾಗ ಹಿರಿಯ ಸಹೋದ್ಯೋಗಿಗಳೊಬ್ಬರು, “ಭೌತವಿಜ್ಞಾನಕ್ಕೂ ಕೊಲೆಗೂ ಏನಯ್ಯಾ ಸಂಬಂಧ? ಒಂದು ಉಪನ್ಯಾಸವನ್ನೋ ರಸಪ್ರಶ್ನೆಯನ್ನೋ ಇಡಬಾರದೆ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಆದರೆ ಅದಕ್ಕೆ ಆಗ ನನ್ನಲ್ಲಿ ತಕ್ಕ ಉತ್ತರವಿರಲಿಲ್ಲ. ಈಗ ಇದೆಯೆಂದು ಭಾವಿಸುತ್ತೇನೆ. ಆ ಉತ್ತರವನ್ನು ವಾಚಕರ, ಅದರಲ್ಲಿಯೂ ವಿದ್ಯಾರ್ಥಿಗಳಾದ ವಾಚಕರ, ಮುಂದಿಡುವುದೇ ಈ ಲೇಖನದ ಉದ್ದೇಶ.

ನನ್ನ ಅಭಿಪ್ರಾಯವನ್ನು ಸಂಕ್ಷೇಪವಾಗಿ ಮೊದಲೇ ಹೇಳಿಬಿಡುತ್ತೇನೆ. ಪತ್ತೇದಾರಿ ಆಟವನ್ನು ಆಡುವುದು ಒಳ್ಳೆಯ ವಿನೋದ. ಅದನ್ನು ರಚಿಸುವುದು ಒಳ್ಳೆಯ ಶಿಕ್ಷಣ. ಪ್ರಯೋಗಶಾಲೆಯಲ್ಲಿ ನಾವು ಕಲಿಸಬೇಕಾಗಿದ್ದೂ ಕಲಿಸಲಾಗದೆ ಹೋಗುತ್ತಿರುವ ಒಂದು ಗುಣವನ್ನು ಅದು ಕಲಿಸಬಲ್ಲುದು. ಆ ಗುಣ ಯಾವುದೆಂಬುದು ಮುಂದೆ ತಿಳಿಯುತ್ತದೆ.

ಈ ಆಟದ ಪರಿಚಯವಿಲ್ಲದವರಿಗಾಗಿ ಅದರ ಸ್ವರೂಪವನ್ನು ಎರಡು ಮಾತಿನಲ್ಲಿ ವಿವರಿಸಬೇಕು. ಹತ್ತು ಹನ್ನೆರಡು ಮಂದಿ ಒಂದೆಡೆ ಸೇರುತ್ತಾರೆ. ಕಥೆಯೊಂದರ ಒಂದೊಂದು ಪಾತ್ರ ಒಬ್ಬೊಬ್ಬರಿಗೆ ಹಂಚಿಕೆಯಾಗುತ್ತದೆ. ತಾನು ಯಾರು, ತನಗೆ ಏನು ಗೊತ್ತು, ಏನನ್ನು ಮುಚ್ಚಿಡಬೇಕು, ಏನನ್ನು ಸಾಧಿಸಬೇಕು ಎಂಬುದನ್ನು ತಿಳಿಸುವ ಒಂದು ಚೀಟಿ ಪ್ರತಿಯೊಬ್ಬರ ಕೈಯಲ್ಲಿಯೂ ಇರುತ್ತದೆ. ಕಥೆಯಲ್ಲಿ ಒಬ್ಬ ಸತ್ತಿದ್ದಾನೆ. ಸೇರಿರುವವರಲ್ಲಿಯೇ ಒಬ್ಬನು ಕೊಲೆಗಾರ. ಪಾತ್ರಧಾರಿಗಳು ಒಬ್ಬರನ್ನೊಬ್ಬರು ಪ್ರಶ್ನಿಸಿ, ಅಲ್ಲಲ್ಲಿ ಇಟ್ಟಿರುವ ವಸ್ತುಗಳನ್ನು ಪರೀಕ್ಷಿಸಿ, ಗೊತ್ತಾದ ಅವಧಿಯೊಳಗೆ ಅಪರಾಧಿಯನ್ನು ಕಂಡುಹಿಡಿಯಬೇಕು. ಇದಕ್ಕೆ ರಂಗಮಂಟಪ ಬೇಡ, ಬಾಯಿಪಾಠದ ಮಾತು ಬೇಡ, ಪ್ರೇಕ್ಷಕರೂ ಬೇಡ. ಎಲ್ಲವನ್ನೂ ಮೊದಲೇ ಯೋಚಿಸಿ ಕಟ್ಟಿದವನು ಸೂತ್ರಧಾರನಂತೆ ಬದಿಯಲ್ಲಿ ನಿಂತಿರುತ್ತಾನೆ. ನಿಜವಾದ ಉತ್ತರವನ್ನು ಬರೆದು ಅಂಟಿಸಿದ ಲಕೋಟೆಯೊಂದು ಅವನ ಜೇಬಿನಲ್ಲಿರುತ್ತದೆ.

ಈ ವಿನೋದ ಇಂದಿನದೂ ಅಲ್ಲ, ನಿನ್ನೆಯದೂ ಅಲ್ಲ. ಎರಡು ಮಹಾಯುದ್ಧಗಳ ನಡುವಣ ಇಂಗ್ಲೆಂಡಿನಲ್ಲಿ ಹಳ್ಳಿಯ ಬಂಗಲೆಗಳಿಗೆ ವಾರದ ಕೊನೆಯಲ್ಲಿ ಬಂದ ಅತಿಥಿಗಳು ಕೊಲೆಯ ಆಟವಾಡಿ ಕಾಲ ಕಳೆಯುತ್ತಿದ್ದರು. ನ್ಯೂಜಿಲೆಂಡಿನ ಲೇಖಕಿ ನೈಯೋ ಮಾರ್ಷ್ ೧೯೩೪ರಲ್ಲಿ ಪ್ರಕಟಿಸಿದ ಮೊದಲ ಕಾದಂಬರಿಯ ಕಥೆ ಇಂಥದೊಂದು ಆಟದಿಂದಲೇ ಆರಂಭವಾಗುತ್ತದೆ. ೧೯೩೬ರಲ್ಲಿ ಡೆನಿಸ್ ವೀಟ್ಲಿ ಎಂಬುವರು ಒಂದು ಹೊಸ ಬಗೆಯ ಪುಸ್ತಕವನ್ನು ಹೊರತಂದರು. ಅದರಲ್ಲಿ ಕಥೆಯ ಬದಲು ಪೊಲೀಸರ ವರದಿಗಳು, ತಂತಿ ಸುದ್ದಿಗಳು, ಛಾಯಾಚಿತ್ರಗಳು ಮಾತ್ರವಲ್ಲದೆ ಕೂದಲು, ಬೆಂಕಿಕಡ್ಡಿ, ಕಲೆಬಿದ್ದ ಪರದೆಯ ತುಂಡು ಮುಂತಾದ ವಸ್ತುಗಳನ್ನೇ ಸೇರಿಸಿದ್ದರು. ಪರಿಹಾರವಿದ್ದ ಪುಟಗಳು ಮುಚ್ಚಿ ಅಂಟಿಸಲ್ಪಟ್ಟಿದ್ದುವು. ಬರ್ಮಿಂಗ್‌ಹ್ಯಾಮಿನ ಸಂಗೀತಗಾರ ಆಂತೊನಿ ಪ್ರ್ಯಾಟ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಯೊಂದರಲ್ಲಿ ದುಡಿಯುತ್ತ, ಹಿಂದಿನ ಆ ಬಂಗಲೆಯ ಆಟಗಳನ್ನು ನೆನೆದು ಅದನ್ನೇ ಒಂದು ಹಲಗೆಯ ಮೇಲಿಳಿಸಿದರು. ೧೯೪೪ರಲ್ಲಿ ಅವರು ಸಲ್ಲಿಸಿದ ಹಕ್ಕುಪತ್ರದ ಅರ್ಜಿಯೇ ೧೯೪೯ರಲ್ಲಿ ಮಾರುಕಟ್ಟೆಗೆ ಬಂದ ‘ಕ್ಲೂಡೊ’ ಎಂಬ ಪ್ರಸಿದ್ಧ ಆಟದ ಮೂಲ. ೧೯೮೬ರ ಸುಮಾರಿಗೆ ಮಾಸ್ಕೋ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗದಲ್ಲಿ ದಿಮಿತ್ರಿ ದಾವಿದೊವ್ ‘ಮಾಫಿಯಾ’ ಎಂಬ ಆಟವನ್ನು ಕಟ್ಟಿದರು. ತಿಳಿದಿರುವ ಕೆಲವರು ತಿಳಿಯದ ಹಲವರನ್ನು ಹೇಗೆ ದಾರಿ ತಪ್ಪಿಸಬಲ್ಲರೆಂಬುದೇ ಅದರ ತಿರುಳು. ಚೀನಾದಲ್ಲಿ ೨೦೧೬ರಲ್ಲಿ ಪ್ರಸಾರವಾದ ಒಂದು ಕಾರ್ಯಕ್ರಮದಿಂದ ಪಾತ್ರಪತ್ರಗಳನ್ನು ಹಂಚಿಕೊಂಡು ಆಡುವ ಕೊಲೆಯ ಕಥೆಗಳು ಬಹು ಜನಪ್ರಿಯವಾಗಿ, ಅದಕ್ಕೆಂದೇ ಸಾವಿರಾರು ಅಂಗಡಿಗಳು ತೆರೆದುವು. ನಮ್ಮಲ್ಲಿಯೂ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟುಕೊಂಡು ಓದಿದ ಒಂದು ತಲೆಮಾರೇ ಇದೆ. ಆದುದರಿಂದ ರುಚಿ ನಮಗೆ ಹೊಸದಲ್ಲ. ಅದನ್ನು ವಿದ್ಯೆಯಾಗಿ ಮಾಡಿಕೊಳ್ಳುವ ಪ್ರಯತ್ನ ಮಾತ್ರ ಆಗಬೇಕಾಗಿದೆ.

ಇಂಥ ಕೃತಕ ಕೊಲೆಗಳಿಂದ ಗಂಭೀರವಾದ ಪ್ರಯೋಜನವನ್ನು ಪಡೆದವರೂ ಇದ್ದಾರೆ. ಅಮೆರಿಕದ ಫ್ರಾನ್ಸಿಸ್ ಗ್ಲೆಸ್ನರ್ ಲೀ ಎಂಬ ಮಹಿಳೆ ೧೯೪೦ರ ದಶಕದಲ್ಲಿ ಒಂದು ಅಡಿಗೆ ಒಂದು ಅಂಗುಲದ ಪ್ರಮಾಣದಲ್ಲಿ, ಅಂದರೆ ಹನ್ನೆರಡರಲ್ಲಿ ಒಂದು ಪಾಲಿನ ಗಾತ್ರದಲ್ಲಿ, ಬೊಂಬೆಮನೆಗಳನ್ನು ನಿರ್ಮಿಸಿದರು. ಪ್ರತಿಯೊಂದರಲ್ಲಿಯೂ ಅಸ್ವಾಭಾವಿಕವಾಗಿ ಸತ್ತ ವ್ಯಕ್ತಿಯ ಬೊಂಬೆ. ಸುತ್ತಲೂ ಪಾತ್ರೆ, ಪರದೆ, ಪಂಚಾಂಗ, ದೀಪ, ಬಟ್ಟೆಬರೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ನ್ಯಾಯವೈದ್ಯ ವಿಭಾಗದ ಸ್ಥಾಪನೆಗೆ ಧನವಿತ್ತ ಆಕೆ, ಪೊಲೀಸ್ ಅಧಿಕಾರಿಗಳಿಗೆ ‘ನೋಡುವುದನ್ನು’ ಕಲಿಸಲೆಂದೇ ಅವನ್ನು ತಯಾರಿಸಿದರು. ಅವುಗಳಲ್ಲಿ ಹದಿನೆಂಟು ಬೊಂಬೆಮನೆಗಳು ಬಾಲ್ಟಿಮೋರ್ ನಗರದ ನ್ಯಾಯವೈದ್ಯರ ಕಚೇರಿಗೆ ಸೇರಿ, ಅಲ್ಲಿ ತರಬೇತಿಗೆ ಉಪಯೋಗವಾದುವು. ಬೊಂಬೆಯ ಕಾಲುಚೀಲವನ್ನು ಸಹ ಗುಂಡುಸೂಜಿಯಂಥ ಸಣ್ಣ ಕಡ್ಡಿಗಳಿಂದ ಹೆಣೆದ ಆಕೆಯ ಶ್ರದ್ಧೆ ಕೇವಲ ಅಲಂಕಾರಪ್ರೀತಿಯಲ್ಲ. ಯಾವ ವಸ್ತು ಸುಳಿವು, ಯಾವುದು ಅಲ್ಲ ಎಂಬುದನ್ನು ನೋಡುವವನೇ ನಿರ್ಣಯಿಸಬೇಕಾದರೆ, ಸುಳಿವಲ್ಲದ ವಸ್ತುವೂ ಅಷ್ಟೇ ನಿಜವಾಗಿ ಕಾಣಬೇಕು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ನನಗೆ ಇದೇ ಪಾಠವಾಯಿತು.

ಇನ್ನು ನಮ್ಮ ಪ್ರಯೋಗಶಾಲೆಗಳ ಕಡೆಗೆ ಒಮ್ಮೆ ನೋಡೋಣ. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗವನ್ನು ಮಾಡದ ವಿಜ್ಞಾನ ವಿದ್ಯಾರ್ಥಿಯಿಲ್ಲ. ಒಂದು ಮೀಟರ್ ಉದ್ದದ ಲೋಲಕ ಇಪ್ಪತ್ತು ಬಾರಿ ತೂಗಾಡಲು ಸುಮಾರು ೪೦ ಸೆಕೆಂಡು ಹಿಡಿಯಬೇಕೆಂಬುದೂ, ಉತ್ತರ ೯.೮ ಬರಬೇಕೆಂಬುದೂ ಅವನಿಗೆ ಮೊದಲೇ ತಿಳಿದಿರುತ್ತದೆ. ತನ್ನ ಗಡಿಯಾರ ೪೨ ತೋರಿಸಿದರೆ ಅವನೇನು ಮಾಡುತ್ತಾನೆ? ಎಲ್ಲಿ ತಪ್ಪಿತೆಂದು ಹುಡುಕುವವರು ಕೆಲವರು. ೪೦ ಎಂದು ಬರೆದುಕೊಂಡು ಮುಂದಿನ ಸಾಲಿಗೆ ಹೋಗುವವರು ಹಲವರು. ನಾನೂ ವಿದ್ಯಾರ್ಥಿಯಾಗಿದ್ದಾಗ ಹಾಗೆ ಬರೆದಿದ್ದೇನೆ; ಪೂರ್ಣ ಅಂಕಗಳನ್ನೂ ಪಡೆದಿದ್ದೇನೆ. ಈ ದೋಷಕ್ಕೆ ವಿದ್ಯಾರ್ಥಿಯೊಬ್ಬನೇ ಹೊಣೆಯಲ್ಲ. ಉತ್ತರವನ್ನು ಮೊದಲೇ ಕೈಗಿತ್ತು, ಅದಕ್ಕೆ ಹೊಂದುವ ಅಳತೆಗೆ ಬಹುಮಾನ ಕೊಡುವ ಪದ್ಧತಿಯನ್ನು ನಾವೇ ಬೆಳೆಸಿದ್ದೇವೆ. ಹೀಗೆ ಕಲಿತವನಿಗೆ ಸಾಕ್ಷ್ಯವೆಂಬುದು ಉತ್ತರದ ಸೇವಕನೇ ಹೊರತು ಅದರ ನ್ಯಾಯಾಧೀಶನಲ್ಲ.

ಆಟವನ್ನು ಕಟ್ಟುವವನಿಗೂ ಉತ್ತರ ಮೊದಲೇ ಗೊತ್ತಿರುತ್ತದೆಯಲ್ಲ, ವ್ಯತ್ಯಾಸವೇನು ಎಂದು ಯಾರಾದರೂ ಕೇಳಬಹುದು. ವ್ಯತ್ಯಾಸವಿದೆ. ಪ್ರಯೋಗಶಾಲೆಯ ವಿದ್ಯಾರ್ಥಿ ಒಬ್ಬ ಅಧ್ಯಾಪಕನನ್ನು ಒಪ್ಪಿಸಿದರೆ ಸಾಕು. ಆಟದ ಕರ್ತನಾದರೋ ಉತ್ತರವನ್ನರಿಯದ ಹನ್ನೆರಡು ಬುದ್ಧಿವಂತರು ಸಾಕ್ಷ್ಯಗಳಿಂದ ಮಾತ್ರವೇ ಆ ಉತ್ತರಕ್ಕೆ ಬರುವಂತೆ ಮಾಡಬೇಕು. ಬೇರೆ ಯಾವ ಉತ್ತರಕ್ಕೂ ಬಾರದಂತೆಯೂ ಮಾಡಬೇಕು. ಕಾರಣದಿಂದ ಕಾರ್ಯಕ್ಕೆ ಇಳಿಯುವುದು ಸುಲಭ. ಕಾರ್ಯದಿಂದ ಕಾರಣಕ್ಕೆ ಏರುವುದು ಕಷ್ಟ. ನಮ್ಮ ನೈಯಾಯಿಕರು ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬಹುದೆಂದು ಹೇಳಿ, ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸಲಾಗದೆಂದು ಎಚ್ಚರಿಸಿದರು. ಹೊಗೆ ಏಳಬೇಕಾದರೆ ಹಸಿ ಸೌದೆಯೆಂಬ ಇನ್ನೊಂದು ನಿಮಿತ್ತವೂ ಬೇಕು. ಎರಡು ದಿಕ್ಕಿನಲ್ಲಿಯೂ ನಡೆದು, ಎಲ್ಲಿ ದಾರಿ ಕವಲೊಡೆಯುತ್ತದೆಯೆಂದು ಗುರುತಿಸುವುದೇ ಆಟವನ್ನು ಕಟ್ಟುವವನ ಕೆಲಸ.

ಆ ಕೆಲಸವನ್ನು ಹೇಗೆ ಮಾಡುವುದು? ನಾನು ಅನುಭವದಿಂದ ಕಂಡುಕೊಂಡ ಕ್ರಮವನ್ನು ಹೇಳುತ್ತೇನೆ. ಮೊದಲು ನಡೆದ ಸಂಗತಿಯನ್ನು ಆದ್ಯಂತವಾಗಿ ಬರೆಯಬೇಕು: ಯಾರು, ಏಕೆ, ಹೇಗೆ, ಎಷ್ಟು ಗಂಟೆಗೆ. ಆಮೇಲೆ ಒಂದು ದೊಡ್ಡ ಹಾಳೆಯಲ್ಲಿ ಕೋಷ್ಟಕವನ್ನು ಹಾಕಬೇಕು. ಹನ್ನೆರಡು ಪಾತ್ರಗಳಿಗೆ ಹನ್ನೆರಡು ಸಾಲು. ಸಂಜೆ ೬ರಿಂದ ೮-೩೦ರ ವರೆಗೆ ಕಾಲುಗಂಟೆಗೊಂದರಂತೆ ಹತ್ತು ಕಂಬ. ಒಟ್ಟು ೧೨೦ ಚೌಕಗಳು. ಒಂದೊಂದು ಚೌಕದಲ್ಲಿಯೂ ಆ ವ್ಯಕ್ತಿ ಆಗ ಎಲ್ಲಿದ್ದ, ಅವನನ್ನು ಯಾರು ಕಂಡರು ಎಂಬುದನ್ನು ತುಂಬಬೇಕು. ತುಂಬುತ್ತ ಹೋದಂತೆ ಕಥೆಯ ಸುಳ್ಳುಗಳೆಲ್ಲ ತಾವಾಗಿಯೇ ಹೊರಬೀಳುತ್ತವೆ. ನಾನು ಬರೆದ ಒಂದು ಕಥೆಯಲ್ಲಿ ಅರವತ್ತು ವರ್ಷದ ಮುದುಕರೊಬ್ಬರು ಒಂದು ಕಿಲೋಮೀಟರ್ ದೂರದ ಕಾಫಿ ಕಣದಿಂದ ಮೂರು ನಿಮಿಷದಲ್ಲಿ ಬಂಗಲೆಗೆ ನಡೆದು ಬಂದಿದ್ದರು. ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗ! ಒಂದು ಕೋಣೆಯಿಂದ ಮಾಯವಾದ ಶೀಶೆ ಇನ್ನೊಂದು ಕೋಣೆಯಲ್ಲಿ ಕಾಣಿಸಲೇಬೇಕು. ಒಬ್ಬ ಮನುಷ್ಯ ಏಕಕಾಲದಲ್ಲಿ ಎರಡು ಕಡೆ ಇರಲಾರ. ಸಂರಕ್ಷಣ ನಿಯಮಗಳನ್ನು ಪಾಠದಲ್ಲಿ ಓದಿ ಮರೆತವರು ಈ ಚೌಕಗಳನ್ನು ತುಂಬುವಾಗ ಅವನ್ನು ಮರೆಯಲಾರರು.

ಎರಡನೆಯದು, ಸುಳಿವುಗಳೆಷ್ಟಿರಬೇಕೆಂಬ ಪ್ರಶ್ನೆ. ಕ್ಲೂಡೊ ಆಟದಲ್ಲಿ ಶಂಕಿತರು ಆರು, ಆಯುಧಗಳು ಆರು, ಕೋಣೆಗಳು ಒಂಬತ್ತು. ಆದುದರಿಂದ ಸಾಧ್ಯವಾದ ಉತ್ತರಗಳು ೩೨೪. ‘ಹೌದು’ ಅಥವಾ ‘ಅಲ್ಲ’ ಎಂಬ ಉತ್ತರವನ್ನು ಮಾತ್ರ ಪಡೆಯುವ, ಆದರೆ ಪ್ರತಿ ಸಲವೂ ಉಳಿದ ಸಾಧ್ಯತೆಗಳನ್ನು ಸರಿಯಾಗಿ ಇಬ್ಭಾಗಿಸುವ ಪ್ರಶ್ನೆಗಳಾದರೆ ಒಂಬತ್ತು ಸಾಕು. ಎಂಟು ಪ್ರಶ್ನೆಗಳಿಂದ ೨೫೬ ಉತ್ತರಗಳನ್ನು ಮಾತ್ರ ಬೇರ್ಪಡಿಸಬಹುದು, ಒಂಬತ್ತರಿಂದ ೫೧೨ ಉತ್ತರಗಳನ್ನು. ಇದು ಕೇವಲ ಆಟದ ಲೆಕ್ಕವಲ್ಲ. ೧೮೯೭ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಸ್ಥಾಪಿತವಾದಾಗ ಅಲ್ಲಿ ಬಳಕೆಗೆ ಬಂದ ವರ್ಗೀಕರಣದಲ್ಲಿ, ಹತ್ತು ಬೆರಳುಗಳ ಪೈಕಿ ಒಂದೊಂದರಲ್ಲಿಯೂ ಸುರುಳಿ ಇದೆಯೇ ಇಲ್ಲವೇ ಎಂಬ ಹತ್ತೇ ಪ್ರಶ್ನೆಗಳಿಂದ ಎಲ್ಲ ಹಸ್ತಗಳನ್ನೂ ೧,೦೨೪ ಗೂಡುಗಳಿಗೆ ಹಂಚಿದ್ದರು. ಆ ಪದ್ಧತಿಗೆ ಎಡ್ವರ್ಡ್ ಹೆನ್ರಿಯ ಹೆಸರು ಬಂದಿದ್ದರೂ ಅದರ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಭಾರತೀಯರ ಬುದ್ಧಿ ದುಡಿದಿತ್ತು. ಒಳ್ಳೆಯ ಸುಳಿವೆಂದರೆ ಬೆರಗುಗೊಳಿಸುವ ಸುಳಿವಲ್ಲ, ಸಾಧ್ಯತೆಗಳನ್ನು ಕಡಿಮೆ ಮಾಡುವ ಸುಳಿವು ಎಂಬುದನ್ನು ಈ ಎರಡು ಉದಾಹರಣೆಗಳೂ ತೋರಿಸುತ್ತವೆ.

ಆದರೆ ಎಣಿಕೆಗೆ ತಕ್ಕಷ್ಟೇ ಸುಳಿವುಗಳನ್ನಿಟ್ಟರೆ ಆಟ ಕೆಡುತ್ತದೆ. ಕೊಲೆಗಾರನನ್ನು ತಲಪಲು ಐದು ಮೆಟ್ಟಿಲುಗಳಿವೆಯೆಂದೂ, ಮೆಟ್ಟಿಲಿಗೊಂದೇ ಸುಳಿವಿದೆಯೆಂದೂ, ಒಂದು ಸುಳಿವು ಆಟಗಾರರ ಕಣ್ಣಿಗೆ ಬೀಳುವ ಸಂಭವ ಅರ್ಧವೆಂದೂ ಇಟ್ಟುಕೊಳ್ಳೋಣ. ಐದನ್ನೂ ದಾಟುವ ಸಂಭವ ಮೂವತ್ತೆರಡರಲ್ಲಿ ಒಂದು. ಬದಲಾಗಿ ಪ್ರತಿ ಮೆಟ್ಟಿಲಿಗೂ ಒಂದನ್ನೊಂದು ಅವಲಂಬಿಸದ ಮೂರು ಸುಳಿವುಗಳಿದ್ದರೆ, ಮೂರೂ ತಪ್ಪಿಹೋಗುವ ಸಂಭವ ಎಂಟರಲ್ಲಿ ಒಂದು ಮಾತ್ರ. ಐದು ಮೆಟ್ಟಿಲುಗಳನ್ನೂ ದಾಟುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚಾಗುತ್ತದೆ. ಭಿನ್ನ ಭಿನ್ನ ಮಾರ್ಗಗಳಿಂದ ಬಂದ ಸಾಕ್ಷ್ಯಗಳು ಒಂದೇ ಕಡೆ ಸೇರಿದಾಗ ಮಾತ್ರ ವಿಜ್ಞಾನಿಗೆ ಧೈರ್ಯ ಬರುವುದೂ ಈ ಕಾರಣದಿಂದಲೇ.

ಮೂರನೆಯದು, ತಿಳಿವಳಿಕೆಯ ಹಂಚಿಕೆ. ಮುಖ್ಯವಾದುದೆಲ್ಲ ಒಬ್ಬನ ಚೀಟಿಯಲ್ಲಿಯೇ ಇದ್ದರೆ ಉಳಿದ ಹನ್ನೊಂದು ಮಂದಿ ಕಂಬಗಳಂತೆ ನಿಲ್ಲಬೇಕಾಗುತ್ತದೆ. ಪ್ರತಿಯೊಬ್ಬನಿಗೂ ಬೇರೊಬ್ಬನಿಗೆ ಬೇಕಾದ ಒಂದು ಸಂಗತಿ ಗೊತ್ತಿರಬೇಕು. ಅವನಿಗೆ ಬೇಕಾದ ಒಂದು ಸಂಗತಿ ಮತ್ತೊಬ್ಬನ ಬಳಿ ಇರಬೇಕು. ಹನ್ನೆರಡು ಮಂದಿಯಲ್ಲಿ ೬೬ ಜೋಡಿಗಳಾಗುತ್ತವೆ. ಆರು ಜೋಡಿಗಳು ಏಕಕಾಲದಲ್ಲಿ ಮಾತಾಡುತ್ತ, ಜೋಡಿಗೆ ಮೂರು ನಿಮಿಷವೆಂದರೆ ೩೩ ನಿಮಿಷಗಳಲ್ಲಿ ಎಲ್ಲರೂ ಎಲ್ಲರನ್ನೂ ಕಂಡಂತಾಗುತ್ತದೆ. ಮೂವತ್ತು ಮಂದಿಯಾದರೆ ಅದಕ್ಕೇ ೮೭ ನಿಮಿಷ ಬೇಕು, ಯೋಚಿಸಲು ಹೊತ್ತುಳಿಯುವುದಿಲ್ಲ. ಮೊದಲ ಬಾರಿಗೆ ಆಟ ಕಟ್ಟುವವರು ಹನ್ನೆರಡನ್ನು ಮೀರದಿರುವುದು ಲೇಸು.

ಇಷ್ಟೆಲ್ಲ ತಿಳಿದೂ ನಾನು ಎಡವಿದ ಪ್ರಸಂಗವೊಂದನ್ನು ಈಗ ಹೇಳಬೇಕು. ಈ ಲೇಖನವನ್ನು ಬರೆಯಲು ನಿಜವಾದ ಪ್ರೇರಣೆ ಅದೇ.

ಆ ಆಟದ ಕಥೆ ನಡೆಯುವುದು ಕಾಫಿ ತೋಟದ ಒಂದು ಹಳೆಯ ಬಂಗಲೆಯಲ್ಲಿ. ಒಡೆಯರು ವಿಷ ಬೆರೆತ ಕಾಫಿಯನ್ನು ಒಂದೇ ಗುಟುಕು ಕುಡಿದು ಸತ್ತಿದ್ದಾರೆ. ಕಾಫಿಯನ್ನು ಲೋಟಕ್ಕೆ ಬಗ್ಗಿಸಿದ ಹೊತ್ತಿನಲ್ಲಿ ಅಡಿಗೆಮನೆಯಲ್ಲಿ ಒಬ್ಬನೇ ಇದ್ದವನು ಅಪರಾಧಿ. ಬಗ್ಗಿಸಿದಾಗ ಕಾಫಿಯ ಉಷ್ಣತೆ ೮೫ ಡಿಗ್ರಿ ಸೆಲ್ಸಿಯಸ್, ಕೋಣೆಯದು ೨೫, ವೈದ್ಯನ ಪಾತ್ರಧಾರಿ ೮-೩೦ಕ್ಕೆ ಅಳೆದಾಗ ಲೋಟದಲ್ಲಿದ್ದುದು ೪೦. ಮೇಜಿನ ಮೇಲೆ ಅದೇ ಬಗೆಯ ಲೋಟವನ್ನೂ ಬಿಸಿನೀರನ್ನೂ ಉಷ್ಣಮಾಪಕವನ್ನೂ ಇಟ್ಟಿದ್ದೆ. ಆಟಗಾರರು ಪ್ರಯೋಗ ಮಾಡಿ, ಕೋಣೆಗಿಂತ ಹೆಚ್ಚಾಗಿರುವ ಉಷ್ಣತೆ ಪ್ರತಿ ಇಪ್ಪತ್ತು ನಿಮಿಷಕ್ಕೆ ಸರಿಸುಮಾರು ಅರ್ಧವಾಗುತ್ತದೆಂದು ಕಂಡುಕೊಂಡರು. ೬೦ ಡಿಗ್ರಿಗಳ ಅಂತರ ೩೦ ಆಗಿ, ೩೦ ಮತ್ತೆ ೧೫ ಆಗಲು ನಲವತ್ತು ನಿಮಿಷ. ಆದುದರಿಂದ ಕಾಫಿ ಬಗ್ಗಿಸಿದ್ದು ೭-೫೦ಕ್ಕೆ. ಆಗ ಅಡಿಗೆಮನೆಯಲ್ಲಿದ್ದವನು ತೋಟದ ರೈಟರು. ನನ್ನ ಲಕೋಟೆಯಲ್ಲಿದ್ದ ಹೆಸರೂ ಅದೇ. ಒಂದು ತಂಡ ಈ ಉತ್ತರವನ್ನು ಹೇಳಿತು. ಸಭೆ ಚಪ್ಪಾಳೆ ತಟ್ಟಿತು.

ಆಗ ದ್ವಿತೀಯ ವರ್ಷದ ಬಿ.ಎಸ್‌ಸಿ. ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. ತರಗತಿಯಲ್ಲಿ ಬಾಯಿ ತೆರೆಯುವುದೇ ಅಪರೂಪವಾದ ಹುಡುಗಿ. “ಸಾರ್, ಲೋಟದ ಪಕ್ಕದಲ್ಲಿ ಒಂದು ತಟ್ಟೆ ಇದೆ. ಅದನ್ನು ಲೋಟಕ್ಕೆ ಮುಚ್ಚಿದ್ದಿರಬಹುದು. ಮುಚ್ಚಿದರೆ ಕಾಫಿ ನಿಧಾನವಾಗಿ ಆರುತ್ತದೆ. ಹಾಗಾದರೆ ಅದನ್ನು ೭-೩೦ಕ್ಕೇ ಬಗ್ಗಿಸಿರಬಹುದು. ಆಗ ಅಡಿಗೆಮನೆಯಲ್ಲಿದ್ದವನು ಒಡೆಯರ ತಮ್ಮನ ಮಗ. ಅಪರಾಧಿ ಅವನೇ” ಎಂದಳು. ನಾನು ನಗುತ್ತ, “ಜಾಣತನದ ಊಹೆ, ಆದರೆ ತಪ್ಪು” ಎಂದು ಹೇಳಿ ಲಕೋಟೆಯನ್ನು ಹರಿದು ತೋರಿಸಿದೆ. ಎಲ್ಲರೂ ನಕ್ಕರು. ಆಕೆ ಕುಳಿತಳು.

ಆ ರಾತ್ರಿ ನನಗೆ ಸಮಾಧಾನವಿರಲಿಲ್ಲ. ಆ ತಟ್ಟೆಯನ್ನು ಅಲ್ಲಿಟ್ಟವನು ನಾನೇ. ಮೇಜು ಬರಿದಾಗಿ ಕಾಣಬಾರದೆಂದು ಇಟ್ಟಿದ್ದೆ, ಅಷ್ಟೆ. ಮನೆಯವರೆಲ್ಲ ಮಲಗಿದ ಮೇಲೆ ಒಂದೇ ಬಗೆಯ ಎರಡು ಲೋಟಗಳಲ್ಲಿ ಒಂದೇ ಅಳತೆಯ ಬಿಸಿನೀರನ್ನು ತುಂಬಿ, ಒಂದರ ಮೇಲೆ ತಟ್ಟೆ ಮುಚ್ಚಿ, ಗಡಿಯಾರವನ್ನು ನೋಡುತ್ತ ಕುಳಿತೆ. ತೆರೆದ ಲೋಟ ನಲವತ್ತು ನಿಮಿಷಗಳಲ್ಲಿ ೪೦ ಡಿಗ್ರಿಗೆ ಇಳಿಯಿತು. ಮುಚ್ಚಿದ ಲೋಟಕ್ಕೆ ಸುಮಾರು ಒಂದು ಗಂಟೆ ಹಿಡಿಯಿತು. ಕಾರಣ ಸ್ಪಷ್ಟ. ತೆರೆದ ಬಿಸಿ ದ್ರವ ತನ್ನ ಉಷ್ಣದ ದೊಡ್ಡದೊಂದು ಪಾಲನ್ನು ಆವಿಯ ಮೂಲಕ ಕಳೆದುಕೊಳ್ಳುತ್ತದೆ. ತಟ್ಟೆ ಆ ದಾರಿಯನ್ನು ಮುಚ್ಚುತ್ತದೆ. ನ್ಯೂಟನ್ ೧೭೦೧ರಲ್ಲಿ ಪ್ರಕಟಿಸಿದ ಶೈತ್ಯನಿಯಮವನ್ನು ವರ್ಷವರ್ಷವೂ ಪಾಠ ಹೇಳುತ್ತ, ಅದು ಯಾವ ನಿಬಂಧನೆಗಳಿಗೆ ಒಳಪಟ್ಟಿದೆಯೆಂದು ವಿದ್ಯಾರ್ಥಿಗಳಿಂದ ಬರೆಸುವ ನಾನೇ ಆ ನಿಬಂಧನೆಯನ್ನು ಮರೆತಿದ್ದೆ. ನಾನು ಕಟ್ಟಿದ ಜಗತ್ತಿನಲ್ಲಿ ಸಾಕ್ಷ್ಯಗಳು ಇಬ್ಬರ ಕಡೆಗೆ ಸಮನಾಗಿ ಬೆರಳು ತೋರುತ್ತಿದ್ದುವು. ಅವುಗಳಲ್ಲಿ ಒಂದನ್ನು ಸರಿಯೆಂದೂ ಇನ್ನೊಂದನ್ನು ತಪ್ಪೆಂದೂ ನಾನು ಹೇಳಿದ್ದು ಸಾಕ್ಷ್ಯದ ಬಲದಿಂದಲ್ಲ, ಲಕೋಟೆಯ ಬಲದಿಂದ. ಅಂದರೆ, ೪೨ನ್ನು ಹೊಡೆದುಹಾಕಿ ೪೦ ಎಂದು ಬರೆದ ಹಳೆಯ ವಿದ್ಯಾರ್ಥಿಯೇ ಅಧ್ಯಾಪಕನ ಪೀಠದಲ್ಲಿ ಕುಳಿತಿದ್ದ.

ಮರುದಿನ ತರಗತಿಯಲ್ಲಿ ಎರಡು ಲೋಟಗಳ ಅಂಕಿಗಳನ್ನು ಹಲಗೆಯ ಮೇಲೆ ಬರೆದು, ಆಕೆಯ ವಾದ ಸರಿಯಾಗಿತ್ತೆಂದೂ ನನ್ನ ತೀರ್ಪು ತಪ್ಪಾಗಿತ್ತೆಂದೂ ಎಲ್ಲರೆದುರಿಗೆ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಹೇಳಿದ್ದೂ ಪೂರ್ತಿ ಸರಿಯಲ್ಲ, ಸಾರ್. ಮುಚ್ಚಿತ್ತೋ ಇಲ್ಲವೋ ಗೊತ್ತಿಲ್ಲದಿರುವಾಗ ಯಾರ ಮೇಲೂ ಅಪರಾಧ ಹೊರಿಸಬಾರದಿತ್ತು” ಎಂದಳು. ನನ್ನ ಲಕೋಟೆಯಲ್ಲಿ ಇರಬೇಕಾಗಿದ್ದ ಉತ್ತರ ಅದೇ.

ಆ ಆಟವನ್ನು ತಿದ್ದುವ ಕೆಲಸವನ್ನು ಆಕೆಗೂ ಆಕೆಯ ಸಂಗಾತಿಗಳಿಗೂ ವಹಿಸಿದೆ. ಅವರು ತಟ್ಟೆಯನ್ನು ತೆಗೆದುಹಾಕಲಿಲ್ಲ. ಅದರ ಮೇಲೆ ಚಕ್ಕುಲಿಯ ಒಣ ಚೂರುಗಳನ್ನಿಟ್ಟರು. ಕೆಳಮೈಯಲ್ಲಿ ಆವಿ ಹನಿಗಟ್ಟಿದ ಗುರುತಿಲ್ಲವೆಂಬುದನ್ನು ವೈದ್ಯನ ಚೀಟಿಯಲ್ಲಿ ಸೇರಿಸಿದರು. ಚಕ್ಕುಲಿಯನ್ನು ತಟ್ಟೆಯಲ್ಲಿಟ್ಟು ತಂದವಳ ನೆನಪನ್ನು ಮೂರನೆಯ ಸುಳಿವಾಗಿಸಿದರು. ಅದಕ್ಕಿಂತ ಮುಖ್ಯವಾದುದು, ಅವರು ಒಂದು ಹೊಸ ಕಟ್ಟುಪಾಡನ್ನು ಮಾಡಿಕೊಂಡರು: ಆಟವನ್ನು ಆಡಿಸುವ ಮೊದಲು ರಚಿಸಿದವರೇ ಉಳಿದ ಪಾತ್ರಗಳೆಲ್ಲದರ ವಕೀಲರಾಗಿ, ಒಬ್ಬೊಬ್ಬರನ್ನೂ ಕೊಲೆಗಾರರೆಂದು ಸಾಧಿಸಲು ಶಕ್ತಿಮೀರಿ ಪ್ರಯತ್ನಿಸಬೇಕು. ಹನ್ನೊಂದು ಪ್ರಯತ್ನಗಳೂ ವಿಫಲವಾದರೆ ಮಾತ್ರ ಹನ್ನೆರಡನೆಯ ಹೆಸರನ್ನು ಲಕೋಟೆಯಲ್ಲಿಡಬೇಕು. ತನ್ನ ಸಿದ್ಧಾಂತವನ್ನು ತಾನೇ ಮುರಿಯಲು ಪ್ರಯತ್ನಿಸುವುದು: ಪ್ರಯೋಗಶಾಲೆಯಲ್ಲಿ ನಾವು ಕಲಿಸಲಾಗದೆ ಹೋಗುತ್ತಿರುವ ಗುಣವೆಂದು ಆರಂಭದಲ್ಲಿ ನಾನು ಸೂಚಿಸಿದ್ದು ಇದನ್ನೇ.

ಈ ಆಟಗಳ ವಿಷಯದಲ್ಲಿ ಎತ್ತಬಹುದಾದ ಆಕ್ಷೇಪಗಳನ್ನು ನಾನು ಕಡೆಗಣಿಸುವುದಿಲ್ಲ. ಕೊಲೆಯನ್ನು ವಿನೋದದ ವಸ್ತುವಾಗಿಸುವುದು ಸರಿಯೇ ಎಂಬುದು ಮೊದಲನೆಯದು. ಮನೆಯಲ್ಲಿ ಇತ್ತೀಚೆಗೆ ಸಾವನ್ನು ಕಂಡವನಿಗೆ ಇಂಥ ಆಟ ವಿನೋದವಾಗಲಾರದು. ಆದುದರಿಂದ ಕಥೆಯ ವಸ್ತುವನ್ನು ಎಲ್ಲರಿಗೂ ಮೊದಲೇ ತಿಳಿಸಬೇಕು. ಬೇಡವೆಂದವರನ್ನು ಕಾರಣ ಕೇಳದೆ ಬಿಟ್ಟುಕೊಡಬೇಕು. ನಿಜವಾಗಿ ನಡೆದ ಕೊಲೆಯನ್ನು ಎಂದೂ ಆಟವಾಗಿಸಬಾರದು. ನಿಜವಾದ ಆಯುಧವಾಗಲಿ ಪ್ರಯೋಗಶಾಲೆಯ ರಾಸಾಯನಿಕವಾಗಲಿ ಆಟದ ಕೋಣೆಯೊಳಗೆ ಬರಕೂಡದು. ‘ವಿಷ’ದ ಶೀಶೆ ಬರಿದಾಗಿಯೇ ಇರಬೇಕು. ಕಾವಲುಗಾರನಿಂದ ಹಿಡಿದು ಪ್ರಾಂಶುಪಾಲರ ವರೆಗೆ ಎಲ್ಲರಿಗೂ ಇದು ಆಟವೆಂದು ಗೊತ್ತಿರಬೇಕು. ಕೊಲೆಯೇ ಬೇಡವೆಂದರೆ ಕಾಣೆಯಾದ ಒಂದು ತಾಳೆಗರಿಯ ಕಟ್ಟನ್ನು ಹುಡುಕುವ ಕಥೆಯೂ ಆದೀತು. ತರ್ಕಕ್ಕೆ ರಕ್ತವೇನೂ ಬೇಕಾಗಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮವಾದುದು. ಆಟದಲ್ಲಿ ನಾವು ಒಬ್ಬರನ್ನೊಬ್ಬರು ಸಂಶಯಿಸುವುದನ್ನು ಅಭ್ಯಾಸ ಮಾಡುತ್ತೇವೆ. ಕಾಫಿ ತೋಟದ ಆಟದಲ್ಲಿ ಅಡಿಗೆಯವನ ಪಾತ್ರ ವಹಿಸಿದ್ದ ಹುಡುಗನನ್ನು ಮೊದಲ ಹತ್ತು ನಿಮಿಷಗಳಲ್ಲಿಯೇ ಹಲವರು ಸುತ್ತುವರಿದರು. ಅವನ ವಿರುದ್ಧ ನಾನು ಒಂದು ಸುಳಿವನ್ನೂ ಇಟ್ಟಿರಲಿಲ್ಲ. ಅವನು ಅಡಿಗೆಯವನೆಂಬುದೇ ಅವರಿಗೆ ಸುಳಿವಾಗಿತ್ತು. ಹೊರಗಿನ ಜಗತ್ತಿನಲ್ಲಿಯೂ ಮನೆಯಲ್ಲಿ ಒಂದು ವಸ್ತು ಕಾಣೆಯಾದರೆ ಮೊದಲ ನೋಟ ಕೆಲಸದವರ ಮೇಲೆ ಬೀಳುತ್ತದೆಯಲ್ಲವೆ? ಆಟ ಮುಗಿದ ಮೇಲೆ ಸೂತ್ರಧಾರನು ಈ ಪ್ರಶ್ನೆಯನ್ನು ಎತ್ತಲೇಬೇಕು: ‘ನೀವು ಯಾರನ್ನು ಮೊದಲು ಸಂಶಯಿಸಿದಿರಿ? ಯಾವ ಸಾಕ್ಷ್ಯದ ಮೇಲೆ?’ ಉತ್ತರವಿಲ್ಲದೆ ತಲೆ ತಗ್ಗಿಸಿದ ವಿದ್ಯಾರ್ಥಿ ಪೂರ್ವಗ್ರಹವೆಂದರೇನೆಂಬುದನ್ನು ಯಾವ ಉಪನ್ಯಾಸಕ್ಕಿಂತಲೂ ಚೆನ್ನಾಗಿ ಕಲಿತಿರುತ್ತಾನೆ. ಜಾತಿ, ಭಾಷೆ, ಮೈಬಣ್ಣ, ಬಡತನಗಳನ್ನು ನೋಡಿ ಪಾತ್ರಗಳನ್ನು ಹಂಚುವುದೂ ಕೂಡದು. ಚೀಟಿ ಎತ್ತಿ ಹಂಚುವುದೇ ಉತ್ತಮ.

ಮೂರನೆಯ ಆಕ್ಷೇಪವನ್ನು ನಾನೇ ಎತ್ತುತ್ತೇನೆ. ಪತ್ತೇದಾರಿ ಕಥೆ ವಿಜ್ಞಾನದ ತಪ್ಪು ಚಿತ್ರವನ್ನು ಕೊಡುತ್ತದೆ. ೧೯೨೯ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಪತ್ತೇದಾರಿ ಕಥೆಗಾರರಿಗೆಂದು ಹತ್ತು ಕಟ್ಟಳೆಗಳನ್ನು ವಿಧಿಸಿದರು; ಪತ್ತೇದಾರನಿಗೆ ಕಂಡ ಸುಳಿವನ್ನು ಓದುಗನಿಂದ ಮುಚ್ಚಿಡಬಾರದೆಂಬುದು, ಯಾರೂ ಕೇಳರಿಯದ ವಿಷವನ್ನು ತರಬಾರದೆಂಬುದು ಅವುಗಳಲ್ಲಿ ಸೇರಿವೆ. ಪ್ರಕೃತಿ ಇಂಥ ಕಟ್ಟಳೆಗಳಿಗೆ ಸಹಿ ಹಾಕಿಲ್ಲ. ಅದು ಸುಳಿವುಗಳನ್ನು ಮುಚ್ಚಿಡುತ್ತದೆ. ಅರ್ಥವಿಲ್ಲದ ತಟ್ಟೆಗಳನ್ನು ಎಲ್ಲೆಂದರಲ್ಲಿ ಇಡುತ್ತದೆ. ಕಾರಣ ಒಂದೇ ಇರುತ್ತದೆಂಬ ಭರವಸೆಯನ್ನೂ ಕೊಡುವುದಿಲ್ಲ. ಆಟವನ್ನು ಆಡಿ ಗೆದ್ದವನು, ಎಲ್ಲ ಸಮಸ್ಯೆಗಳಿಗೂ ಎರಡು ಗಂಟೆಯೊಳಗೆ ಒಂದು ಚೊಕ್ಕ ಉತ್ತರ ದೊರೆಯುತ್ತದೆಂದು ಭ್ರಮಿಸಿದರೆ ಆಶ್ಚರ್ಯವಿಲ್ಲ. ಆ ಭ್ರಮೆಗೆ ಮದ್ದೆಂದರೆ ಆಟವನ್ನು ತಾನೇ ಕಟ್ಟಿ ನೋಡುವುದು. ಒಂದು ಚೊಕ್ಕ ಉತ್ತರವನ್ನು ನಿಲ್ಲಿಸಲು ಎಷ್ಟು ಕಿಟಕಿಗಳನ್ನು ಮುಚ್ಚಬೇಕು, ಎಷ್ಟು ತಟ್ಟೆಗಳನ್ನು ವಿಚಾರಿಸಬೇಕು ಎಂಬುದು ಕಟ್ಟಿದವನಿಗೆ ಮಾತ್ರ ತಿಳಿಯುತ್ತದೆ.

ಹೀಗಿರುವುದರಿಂದ ವಿದ್ಯಾರ್ಥಿ ಮಿತ್ರರಲ್ಲಿ ನನ್ನ 
ವಿಜ್ಞಾಪನೆ ಇದು. ಮುಂದಿನ ರಜೆಯಲ್ಲಿ ನಾಲ್ವರು ಸೇರಿ ಹನ್ನೆರಡು ಪಾತ್ರಗಳ ಒಂದು ಕಥೆಯನ್ನು ಕಟ್ಟಿರಿ. ಖರ್ಚು ಕೆಲವು ಹಾಳೆಗಳು ಮತ್ತು ಒಂದು ಉಷ್ಣಮಾಪಕ. ಸುಳಿವುಗಳಲ್ಲಿ ಕೆಲವನ್ನಾದರೂ ಆಟಗಾರರು ಅಳೆದೇ ತಿಳಿಯುವಂತೆ ಮಾಡಿರಿ: ಆರುವ ಕಾಫಿ, ಉರಿದು ಕುಗ್ಗಿದ ಮೇಣದ ಬತ್ತಿ, ಕಿಟಕಿಯಿಂದ ಬಿದ್ದ ನೆರಳು, ನಿಂತುಹೋದ ಲೋಲಕ. ಆಡಿಸಿದಾಗ ನೀವು ಎಣಿಸದ ಉತ್ತರವನ್ನು ಯಾರಾದರೂ ಸಾಧಾರವಾಗಿ ಹೇಳಿದರೆ, ಲಕೋಟೆಯನ್ನು ಜೇಬಿನಲ್ಲಿಯೇ ಇಟ್ಟುಕೊಂಡು ಅವರ ಮಾತನ್ನು ಕೊನೆಯ ವರೆಗೆ ಕೇಳಿರಿ. ನಾನು ಅಂದು ಕೇಳಲಿಲ್ಲ.

ಭೌತವಿಜ್ಞಾನಕ್ಕೂ ಕೊಲೆಗೂ ಏನು ಸಂಬಂಧವೆಂದು ಕೇಳಿದ ಹಿರಿಯರಿಗೆ ಈಗ ಉತ್ತರ ಹೇಳಬಲ್ಲೆ. ಸಂಬಂಧ ಕೊಲೆಗಲ್ಲ, ಆರೋಪಕ್ಕೆ. ‘ಇದಕ್ಕೆ ಇದೇ ಕಾರಣ’ ಎಂದು ಒಂದರ ಕಡೆಗೆ ಬೆರಳು ತೋರುವ ಮುನ್ನ ಉಳಿದವೆಲ್ಲ ಕಾರಣಗಳಲ್ಲವೆಂದು ತೋರಿಸುವ ಹೊಣೆ ಪತ್ತೇದಾರನಿಗೂ ವಿಜ್ಞಾನಿಗೂ ಸಮಾನ. ಆದರೆ ಪತ್ತೇದಾರಿ ಆಟದ ಕೊನೆಯಲ್ಲಿ ತೆರೆದು ನೋಡಲು ಒಂದು ಲಕೋಟೆಯಿರುತ್ತದೆ. ನಮ್ಮ ಮುಂದಿರುವ ಜಗತ್ತಿಗೆ ಅಂಥ ಲಕೋಟೆಯಿಲ್ಲ. ಅಲ್ಲಿ ನಮಗಿರುವುದು ಲೋಟ, ತಟ್ಟೆ, ಗಡಿಯಾರ ಮತ್ತು ನಮ್ಮ ಪ್ರಾಮಾಣಿಕತೆ ಮಾತ್ರ.